ಹೆಸರು ಕತ್ತರಿಸಿದ ಕಾಗದ

ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟಿರುವ ತೆಳು ಕಾಗದವನ್ನು ಪೂರ್ತಿ ಓದದೆ ನಾನು ಒಂದು ನೆಗಡಿಯ ಮಾತ್ರೆಯನ್ನೂ ಬಾಯಿಗೆ ಹಾಕುವವಳಲ್ಲ. ಮನೆಯವರಿಗೆಲ್ಲ ಇದೊಂದು ತಮಾಷೆ. ಸೊಸೆ ನೀರಿನ ಲೋಟ ಹಿಡಿದು ನಿಂತಿರುತ್ತಾಳೆ, ನಾನು ಕನ್ನಡಕ ಹುಡುಕುತ್ತಿರುತ್ತೇನೆ. ಕನ್ನಡಕ ಸಿಕ್ಕರೆ ಅಕ್ಷರ ಸಿಕ್ಕುವುದಿಲ್ಲ, ಅಷ್ಟು ಸಣ್ಣಗೆ ಅಚ್ಚು ಹಾಕಿರುತ್ತಾರೆ. ಆಮೇಲೆ ಮೊಮ್ಮಗನ ಭೂತಗನ್ನಡಿ ಬರಬೇಕು. "ನೀವು ಓದಿ ಮುಗಿಸೋ ಹೊತ್ತಿಗೆ ನೆಗಡಿ ತಾನಾಗೇ ವಾಸಿಯಾಗಿರುತ್ತೆ ಅತ್ತೆ" ಎನ್ನುತ್ತಾಳೆ ಅವಳು. ಅದು ಎಷ್ಟೋ ಸಲ ನಿಜವೂ ಆಗಿದೆ. ತಲೆ ಸುತ್ತಬಹುದು ಎಂದು ಬರೆದಿದ್ದರೆ ಮಾತ್ರೆ ನುಂಗುವ ಮೊದಲೇ ನನಗೆ ತಲೆ ಸುತ್ತುತ್ತದೆ. ಓದಿದ ಕಾಗದವನ್ನು ಮೊದಲಿದ್ದ ಹಾಗೆ ಮಡಿಸುವ ವಿದ್ಯೆ ಮಾತ್ರ ಈ ವಯಸ್ಸಿಗೂ ನನಗೆ ಒಲಿದಿಲ್ಲ.

ನಗುವವರು ನಗಲಿ. ಈ ಚಾಳಿ ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಇವತ್ತು ನಿಮಗೆ ಹೇಳುತ್ತೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಹೊಳೆನರಸೀಪುರದಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದೆ. ಅಪ್ಪನಿಗೆ ಪೇಟೆಯಲ್ಲಿ ಕೊಬ್ಬರಿ ಅಂಗಡಿ. ಮಗಳನ್ನು ಹೈಸ್ಕೂಲಿಗೆ ಕಳಿಸಿದ್ದಕ್ಕೆ ನೆಂಟರಿಷ್ಟರಿಂದ ಬೇಕಾದಷ್ಟು ಮಾತು ಕೇಳಿದ್ದರು. ನಾನೇನಾದರೂ ಡುಮ್ಕಿ ಹೊಡೆದರೆ ಚನ್ನರಾಯಪಟ್ಟಣದ ಸೋದರತ್ತೆಯ ಮಗನಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಎಂದು ಅಜ್ಜಿ ಆಗಲೇ ತೀರ್ಮಾನ ಮಾಡಿದ್ದಳು. ಪಾಪ, ಅವನು ಒಳ್ಳೆಯವನೇ. ಆದರೆ ಅವನು ಊಟಕ್ಕೆ ಕೂತರೆ ಸಾರು ಸುರಿಯುವ ಸದ್ದು ಬೀದಿ ಬಾಗಿಲಿಗೆ ಕೇಳುತ್ತಿತ್ತು. ಆ ಸದ್ದಿನಿಂದ ಪಾರಾಗಲು ಇದ್ದ ಒಂದೇ ದಾರಿ ಇಂಗ್ಲಿಷಿನಲ್ಲಿ ಪಾಸಾಗುವುದು. ಉಳಿದ ಪಾಠಗಳನ್ನು ಬಾಯಿಪಾಠ ಮಾಡಿ ದಾಟಿಬಿಡಬಹುದಿತ್ತು. ಇಂಗ್ಲಿಷಿನಲ್ಲಿ ಮಾತ್ರ ಎಂದೂ ಓದಿರದ ಒಂದು ತುಂಡನ್ನು ಕೊಟ್ಟು, ಅದರ ಕೆಳಗೆ ಐದು ಪ್ರಶ್ನೆ ಕೇಳುತ್ತಿದ್ದರು. ಅದರ ಹೆಸರು ಕಾಂಪ್ರಹೆನ್ಷನ್. ಆ ಹೆಸರನ್ನು ತಪ್ಪಿಲ್ಲದೆ ಬರೆಯಲು ಕಲಿಯುವುದರಲ್ಲೇ ನನಗೆ ಒಂದು ತಿಂಗಳು ಹೋಗಿತ್ತು.

ಅದಕ್ಕಾಗಿ ಅಪ್ಪ ನನ್ನನ್ನು ಪುಟ್ಟಸ್ವಾಮಯ್ಯ ಮೇಷ್ಟ್ರ ಮನೆಗೆ ಪಾಠಕ್ಕೆ ಹಚ್ಚಿದರು. ಮೇಷ್ಟ್ರು ಒಣಕಲು ಆಸಾಮಿ. ಕರಿ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಕತ್ತರಿ ಇಟ್ಟುಕೊಂಡಿರುತ್ತಿದ್ದರು. ಅವರದೊಂದು ಸಿದ್ಧಾಂತ: ಪರೀಕ್ಷೆಯಲ್ಲಿ ಬರುವ ತುಂಡುಗಳು ಮೂರೇ ಜಾತಿ, ಆರೋಗ್ಯ, ವಿಜ್ಞಾನ, ಭಾಷೆ. ಎಂದೂ ಓದಿರದ ತುಂಡು ಎಂದರೆ ನಿಜವಾಗಿಯೂ ಯಾರೂ ಓದಿರಬಾರದು. ಹೊಳೆನರಸೀಪುರದಲ್ಲಿ ಯಾರೂ ಓದದ ಇಂಗ್ಲಿಷ್ ಎಲ್ಲಿದೆ ಎಂದು ಹುಡುಕಿ ಹುಡುಕಿ ಅವರು ಮೂರು ಬಿಸ್ಕತ್ತಿನ ಡಬ್ಬ ತುಂಬಿಸಿದ್ದರು. ಭಾಷೆಯ ಡಬ್ಬದಲ್ಲಿ ಹಳೆಯ ನಿಘಂಟೊಂದರ ಮುನ್ನುಡಿಯ ಹಾಳೆಗಳು. ಅವು ಕಡ್ಲೆಕಾಯಿ ಕಟ್ಟಿಕೊಟ್ಟ ಪೊಟ್ಟಣಗಳಾಗಿ ಅವರ ಕೈಗೆ ಬಂದಿದ್ದವು. ವಿಜ್ಞಾನದ ಡಬ್ಬದಲ್ಲಿ ಟಾರ್ಚಿನ ಸೆಲ್ಲಿನ ಕಾಗದ, ಸೀಮೆಎಣ್ಣೆ ಸ್ಟೌ ಹಚ್ಚುವ ವಿಧಾನ, ಮಲೇರಿಯಾದವರು ಹಂಚಿದ ಡಿಡಿಟಿ ಹಾಳೆ. ಆರೋಗ್ಯದ ಡಬ್ಬ ತುಂಬಿಸಿಕೊಡುತ್ತಿದ್ದವರು ಕಾಂಪೌಂಡರ್ ರಂಗಪ್ಪನವರು. ಮದ್ದಿನ ಡಬ್ಬಿಗಳಲ್ಲಿ ಬರುವ ಕಾಗದಗಳನ್ನೆಲ್ಲ ಅವರು ಮೇಷ್ಟ್ರಿಗೆಂದು ಎತ್ತಿಡುತ್ತಿದ್ದರು.

ಕಾಗದ ಕೈಗೆ ಬಂದ ಕೂಡಲೇ ಮೇಷ್ಟ್ರು ಮಾಡುತ್ತಿದ್ದ ಮೊದಲ ಕೆಲಸ ಕತ್ತರಿ ತೆಗೆದು ತಲೆಬರಹವನ್ನು ಕತ್ತರಿಸುವುದು. ಒಳಗೆ ಎಲ್ಲಾದರೂ ವಸ್ತುವಿನ ಹೆಸರಿದ್ದರೆ ಅದರ ಮೇಲೆ ದಪ್ಪಗೆ ಮಸಿ ಬಳಿಯುತ್ತಿದ್ದರು. "ಹೆಸರು ಕಂಡ್ರೆ ನೀವು ಓದಲ್ಲ ಕಣ್ರೋ, ಊಹೆ ಮಾಡ್ತೀರಿ" ಎನ್ನುತ್ತಿದ್ದರು. ಹಾಗೆ ತಲೆ ಹೋದ ಕಾಗದಗಳು ಡಬ್ಬದಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ನಾಲ್ಕು ವಾರ ಕಳೆದರೆ ಯಾವುದು ಯಾವ ಮದ್ದಿನದು ಎಂದು ಸ್ವತಃ ಮೇಷ್ಟ್ರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಕಟ್ಟುನಿಟ್ಟು ಇತ್ತು. ತುಂಡಿನಲ್ಲಿ ಇರುವುದನ್ನಷ್ಟೇ ಬರೆಯಬೇಕು, ಮನೆ ವಿಚಾರ ತರಕೂಡದು. ನಮ್ಮ ಜೊತೆ ಪಾಠಕ್ಕೆ ಬರುತ್ತಿದ್ದ ಚಿಕ್ಕೇಗೌಡ ದುದ್ದದ ಕಡೆಯವನು, ಮಾವನ ಮನೆಯಲ್ಲಿದ್ದು ಓದುತ್ತಿದ್ದ. ಡಿಡಿಟಿಯಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆಗೆ ಅವನು, ತಮ್ಮೂರಿನ ಮನೆಗೆ ಡಿಡಿಟಿ ಹೊಡೆದ ಮೇಲೆ ತಿಗಣೆ ಇನ್ನೂ ಜಾಸ್ತಿಯಾದವು ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದಿದ್ದ. ಮೇಷ್ಟ್ರು ಸೊನ್ನೆ ಕೊಟ್ಟರು.

"ನಿಜ ಸಾ, ಬೇಕಾರೆ ನಮ್ಮವ್ವನ್ನ ಕೇಳಿ ಸಾ" ಎಂದ ಅವನು.

"ನಿಮ್ಮವ್ವ ಪರೀಕ್ಷೆಗೆ ಕೂರ್ತಾಳೇನೋ? ನಿಜವೋ ಸುಳ್ಳೋ ನಮಗ್ಯಾಕೆ? ಪ್ಯಾಸೇಜಲ್ಲಿ ಏನೈತೆ ಅದನ್ನ ಬರಿ. ನಿಮ್ಮ ಮನೆ ನಿಮ್ಮ ಮನೇಲಿ ಇರ್ಲಿ."

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನಾನಂತೂ ಆ ಮಾತನ್ನು ನೋಟ್ ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡೆ.

ನಡುಮನೆಯಲ್ಲಿ ನಾವು ಐದು ಜನ ಕೂರುತ್ತಿದ್ದೆವು. ಆರನೆಯ ವಿದ್ಯಾರ್ಥಿನಿ ಅಡುಗೆಮನೆಯಲ್ಲಿದ್ದಳು. ಮೇಷ್ಟ್ರ ಹೆಂಡತಿ ಪಾರ್ವತಕ್ಕ ಅರಕಲಗೂಡಿನ ಕಡೆಯವಳು. ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಇಂಗ್ಲಿಷಿನ ಅಕ್ಷರ ಒಂದೂ ಗೊತ್ತಿಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ವರ್ಷಾ ವರ್ಷಾ ಪಾಠದ ಹುಡುಗರಿಗೆ ಮೇಷ್ಟ್ರು ಓದಿ ಅರ್ಥ ಹೇಳುವುದನ್ನು ಕೇಳಿ ಕೇಳಿ, ಕಿವಿಯಲ್ಲೇ ಅವಳು ಇಂಗ್ಲಿಷ್ ಕಲಿತಿದ್ದಳು. ನಾವು ನೋಟ್ ಬುಕ್ಕಿಗೆ ಇಳಿಸಿಕೊಳ್ಳಲೆಂದು ಮೇಷ್ಟ್ರು ತುಂಡನ್ನು ಎರಡು ಸಲ ಗಟ್ಟಿಯಾಗಿ ಓದಿ ಪ್ರಶ್ನೆ ಕೇಳುತ್ತಿದ್ದಂತೆ ಒಳಗಿನಿಂದ ಕನ್ನಡದಲ್ಲಿ ಉತ್ತರ ಹಾರಿ ಬರುತ್ತಿತ್ತು. ಟಾರ್ಚಿನ ಸೆಲ್ಲನ್ನು ಬೆಂಕಿಗೆ ಏಕೆ ಹಾಕಬಾರದು? ನಾವು ಪೆನ್ನಿನ ಮುಚ್ಚಳ ಕಚ್ಚುತ್ತಿರುವಾಗಲೇ, "ಸಿಡೀತವೆ ಅಂತ ಬರೀರೋ, ಅದಕ್ಕೇನು ಅಷ್ಟು ಯೋಚ್ನೆ!" ಎಂದು ಅವಳ ದನಿ. ಮೇಷ್ಟ್ರು ಹುಸಿಕೋಪದಿಂದ, "ಅಡುಗೆಮನೆಯವರು ಕಾಪಿ ಹೊಡೆಸಬಾರದು" ಎಂದು ಗದರಿ, ಗೋಡೆಗೆ ಒರಗಿಸಿದ್ದ ಸ್ಲೇಟಿನಲ್ಲಿ ಅವಳ ಹೆಸರಿಗೆ ಎರಡು ಅಂಕ ಬರೆಯುತ್ತಿದ್ದರು. ಅವಳ ಅಂಕ ಯಾವಾಗಲೂ ನನ್ನದಕ್ಕಿಂತ ಹೆಚ್ಚು. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಪ್ರೀತಿ ತೋರಿಸಿಕೊಳ್ಳುತ್ತಿದ್ದ ರೀತಿ ಅದು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅವಳ ಮೇಲೆ ಬರೀ ಹೊಟ್ಟೆಕಿಚ್ಚು.

ಆ ವರ್ಷ ದಸರಾ ಕಳೆದ ಮೇಲೆ ಪಾರ್ವತಕ್ಕನಿಗೆ ಕೆಮ್ಮು ಹಿಡಿಯಿತು. ಮೇಷ್ಟ್ರು ಹಾಸನಕ್ಕೆ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬಂದರು. ಅಲ್ಲಿಂದಾಚೆ ರಂಗಪ್ಪನವರು ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ಸೂಜಿ ಹಾಕಿ ಹೋಗುತ್ತಿದ್ದರು. ನಮಗೆ ಹೇಳಿದ್ದು ಶಕ್ತಿ ಸೂಜಿ ಎಂದು. ಕ್ಷಯ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಬಂದಿದ್ದರೆ ಮಾರನೆಯ ದಿನವೇ ನಮ್ಮ ಐದೂ ಜನರ ಮನೆಯವರು ಪಾಠ ಬಿಡಿಸುತ್ತಿದ್ದರು, ಬೀದಿಯವರು ಅವಳು ಮುಟ್ಟಿದ ಬಾವಿಯ ಹಗ್ಗ ಮುಟ್ಟುತ್ತಿರಲಿಲ್ಲ. ಆ ಕಾಲ ಹಾಗಿತ್ತು. ಕಾಗದದ ಮೇಲೆ ಮದ್ದಿನ ಹೆಸರು ಮುಚ್ಚಿದ ಹಾಗೆಯೇ ಮೇಷ್ಟ್ರು ಮನೆಯಲ್ಲಿ ಕಾಯಿಲೆಯ ಹೆಸರನ್ನೂ ಮುಚ್ಚಿದ್ದರು.

ಸೂಜಿ ಹಿಡಿಯಿತು. ಕೆಮ್ಮು ಇಳಿಯಿತು, ಕೆನ್ನೆ ತುಂಬಿಕೊಂಡಿತು. ಸಂಕ್ರಾಂತಿಯ ಹೊತ್ತಿಗೆ ಪಾರ್ವತಕ್ಕ ಮತ್ತೆ ಹಾಡು ಗುನುಗುತ್ತಾ ಕಾಯಿ ತುರಿಯುತ್ತಿದ್ದಳು. ಆದರೆ ಅವಳಿಗೆ ಯಾಕೋ ಸ್ವಲ್ಪ ಕೊಬ್ಬು ಬಂದಿದೆ ಎಂದು ನನಗೆ ಅನ್ನಿಸತೊಡಗಿತು. ಬಾಗಿಲಲ್ಲಿ ನಿಂತು "ಅಕ್ಕಾ" ಎಂದರೆ ತಿರುಗುತ್ತಿರಲಿಲ್ಲ. ಒಂದು ದಿನ ಮೂರು ಸಲ ಕೂಗಿದರೂ ತಿರುಗಲಿಲ್ಲ ಎಂದು ನಾನು ಎರಡು ದಿನ ಅವಳನ್ನು ಮಾತಾಡಿಸಲೇ ಇಲ್ಲ. ಮೂರನೆಯ ದಿನ ಅವಳೇ ಕರೆದು ಕೈಗೆ ಎಳ್ಳುಬೆಲ್ಲ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, "ಗೌರೀ, ಕಿವಿಯೊಳಗೆ ಜೀರುಂಡೆ ಕೂಗ್ದಂಗಾಯ್ತದೆ ಕಣೆ. ಹಗಲೆಲ್ಲ ಒಂದೇ ಸಮ. ಏನೋ ಉಷ್ಣ ಇರ್ಬೈದು" ಎಂದಳು.

"ಮೇಷ್ಟ್ರಿಗೆ ಹೇಳಿದ್ರಾ ಅಕ್ಕ?"

"ಅಯ್ಯೋ, ಏಳ್ಬ್ಯಾಡ ಕಣೆ, ನಿನ್ನ ದಮ್ಮಯ್ಯ. ನನ್ನ ಕೆಮ್ಮು ನಿಂತು ಈಗೀಗ ಒಂದಿಷ್ಟು ನಗ್ತಾ ಅವ್ರೆ. ಮತ್ತೆ ಆಸ್ನ ಅಂತ ಅಲೀಬೇಕು ಅವ್ರು."

ಹೇಳುವುದಿಲ್ಲ ಎಂದು ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ದೊಡ್ಡವರ ಗುಟ್ಟೊಂದು ನನ್ನ ಪಾಲಿಗೆ ಬಂದಿತಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು.

ಅದೇ ವಾರ ಒಂದು ಬೆಳಿಗ್ಗೆ ಮೇಷ್ಟ್ರು ಆರೋಗ್ಯದ ಡಬ್ಬದಿಂದ ಒಂದು ಕಾಗದ ಎತ್ತಿದರು. ತಲೆ ಕತ್ತರಿಸಿದ, ಅಲ್ಲಲ್ಲಿ ಮಸಿ ಬಳಿದ ಕಾಗದ. ಎಂದಿನಂತೆ ಎರಡು ಸಲ ಗಟ್ಟಿಯಾಗಿ ಓದಿದರು. ಅದರಲ್ಲಿದ್ದದ್ದು ಇಷ್ಟು: ಈ ಮದ್ದನ್ನು ಬಹಳ ದಿನ ಚುಚ್ಚಿಸಿಕೊಂಡವರಲ್ಲಿ ಕೆಲವರಿಗೆ ಕಿವಿಗೆ ಅಪಾಯವಾಗಬಹುದು. ಮೊದಲು ಕಿವಿಯಲ್ಲಿ ಮೊರೆತ ಶುರುವಾಗುತ್ತದೆ. ಹಾಗೆ ಕಂಡ ಕೂಡಲೇ ವೈದ್ಯರಿಗೆ ತಿಳಿಸಬೇಕು. ತಡ ಮಾಡಿದರೆ ಹೋದ ಕಿವಿ ಮರಳಿ ಬರುವುದಿಲ್ಲ.

ಮೇಷ್ಟ್ರು ಮೊದಲ ಪ್ರಶ್ನೆ ಕೇಳಿ ಅಡುಗೆಮನೆಯ ಕಡೆ ನೋಡಿದರು. ಉತ್ತರ ಬರಲಿಲ್ಲ. ಸ್ವಲ್ಪ ಕಾದು ಇನ್ನೂ ಗಟ್ಟಿಯಾಗಿ ಕೇಳಿದರು. ಒಳಗೆ ಕಾಯಿ ತುರಿಯುವ ಸದ್ದು ಮಾತ್ರ ನಡೆದೇ ಇತ್ತು. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ.

"ಸಾ, ಅಡುಗೆಮನೆ ಇವತ್ತು ಫೇಲು ಸಾ!" ಎಂದ ಚಿಕ್ಕೇಗೌಡ.

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮೇಷ್ಟ್ರೂ ನಕ್ಕು ಸ್ಲೇಟಿನಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿದರು.

ಮೊದಲು ಕಾಣುವ ಲಕ್ಷಣ ಯಾವುದು ಎಂಬುದು ನಾಲ್ಕನೆಯ ಪ್ರಶ್ನೆ. ಕಂಡ ಕೂಡಲೇ ಏನು ಮಾಡಬೇಕು ಎಂಬುದು ಐದನೆಯದು. ನಾನು ಎರಡಕ್ಕೂ ಚೊಕ್ಕವಾಗಿ, ಒಂದು ಅಕ್ಷರ ತಪ್ಪಿಲ್ಲದೆ ಬರೆದೆ. ಆ ದಿನ ನನಗೆ ಹತ್ತಕ್ಕೆ ಹತ್ತು. ಆ ವರ್ಷ ಹಾಗೆ ಬಂದದ್ದು ಅದೊಂದೇ ಸಲ. ಪಾಠ ಮುಗಿದ ಮೇಲೆ ಕೆಂಪು ಪೆನ್ಸಿಲಿನ ಅಂಕವನ್ನು ಪಾರ್ವತಕ್ಕನಿಗೆ ತೋರಿಸಿ ಉರಿಸಬೇಕೆಂದು ಅಡುಗೆಮನೆಗೆ ಓಡಿದೆ. ಅವಳು ಪುಟ ನೋಡಿ, "ಜಾಣೆ ಕಣೆ ನೀನು" ಎಂದು ಬೆನ್ನು ಸವರಿದಳು. ಆಮೇಲೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು ಕೊಟ್ಟು, "ಕಿವಿಗೊಂದೆರಡು ತೊಟ್ಟು ಬಿಡವ್ವ, ಯಾಕೋ ತೀರಾ ಗುಂಯ್ ಅಂತದೆ" ಎಂದು ನನ್ನ ತೊಡೆಯ ಮೇಲೆ ತಲೆ ಇಟ್ಟಳು. ನಾನು ಎಣ್ಣೆ ಬಿಟ್ಟೆ. ಬೆರಳಿನ ಮೇಲೆ ಆ ಉತ್ತರ ಬರೆದ ಮಸಿ ಇನ್ನೂ ಆರಿರಲಿಲ್ಲ.

ಅಷ್ಟೂ ಹೊಳೆಯಲಿಲ್ಲವೇ ಎಂದು ನೀವು ಕೇಳುತ್ತೀರಿ. ನಾನೇ ನನ್ನನ್ನು ಸಾವಿರ ಸಲ ಕೇಳಿಕೊಂಡಿದ್ದೇನೆ. ಇಲ್ಲ, ಹೊಳೆಯಲಿಲ್ಲ. ಇಂಗ್ಲಿಷ್ ಅರ್ಥವಾಗಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ, ಒಂದೊಂದು ಪದವೂ ಅರ್ಥವಾಗಿತ್ತು. ಆದರೆ ಅದು ಪ್ಯಾಸೇಜು. ಅದರಲ್ಲಿ ಬರುವ ಕಿವಿ ಪ್ಯಾಸೇಜಿನ ಕಿವಿ. ಅಂಥ ಕಿವಿ ಬೀದಿಯ ಯಾರಿಗಾದರೂ ಇರಬಹುದು ಎಂಬ ಯೋಚನೆಯೇ ನಮಗಾರಿಗೂ ಬರುತ್ತಿರಲಿಲ್ಲ. ಮೇಷ್ಟ್ರಿಗೂ ಬರಲಿಲ್ಲ. ಅವರಿಗೆ ಅಕ್ಕನ ಮದ್ದು ಗೊತ್ತಿತ್ತು, ಮೊರೆತ ಗೊತ್ತಿರಲಿಲ್ಲ. ನನಗೆ ಮೊರೆತ ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ. ಅವತ್ತು ನಾನು ಕೊಟ್ಟ ಮಾತು ಮುರಿದು ಒಂದೇ ಒಂದು ಸಲ "ಸಾ, ಅಕ್ಕನಿಗೂ ಹೀಗೇ ಆಗ್ತಿದೆ" ಎಂದಿದ್ದರೆ ಸಾಕಿತ್ತು. ಮನೆ ವಿಚಾರ ತರಕೂಡದಲ್ಲ, ತರಲಿಲ್ಲ.

ಮೂರು ವಾರ ಕಳೆದಿರಬೇಕು. ಪಾರ್ವತಕ್ಕ ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಊದುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ಹಿತ್ತಾಳೆಯ ಕೊಳಗ ಎತ್ತಿಡಲು ಹೋಗಿ ಕೈಜಾರಿ ಬೀಳಿಸಿದೆ. ಕಲ್ಲುಚಪ್ಪಡಿಯ ಮೇಲೆ ಅದು ಬಿದ್ದು ಉರುಳಿದ ಸದ್ದಿಗೆ ಪಕ್ಕದ ಮನೆಯ ಮಗು ಎದ್ದು ಅತ್ತಿತು. ಮೇಷ್ಟ್ರು ಬೀದಿಯ ಜಗಲಿಯಿಂದ ಓಡಿ ಬಂದರು. ಪಾರ್ವತಕ್ಕ ಒಲೆ ಊದುತ್ತಲೇ ಇದ್ದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಕೊಳಗವನ್ನು ನೋಡಿದರು, ಅವಳ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಪಾರ್ವತೀ" ಎಂದರು. ಇನ್ನೊಂದು ಸಲ "ಪಾರ್ವತೀ" ಎಂದರು. ಅವಳ ಹೆಸರು ಹಿಡಿದು ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಾರನೆಯ ದಿನದ ಮೊದಲ ಬಸ್ಸಿಗೆ ಹಾಸನಕ್ಕೆ ಹೋದರು. ಎದೆ ಚೊಕ್ಕವಾಗಿದೆ, ಜೀವಕ್ಕೆ ಭಯವಿಲ್ಲ, ಅದು ದೊಡ್ಡ ವಿಷಯ ಎಂದರಂತೆ ಡಾಕ್ಟರು. ಕಿವಿಯ ಮಾತಿಗೆ, ಮೊರೆತ ಶುರುವಾದಾಗಲೇ ಬಂದಿದ್ದರೆ ಸೂಜಿ ನಿಲ್ಲಿಸಿ ಬೇರೆ ದಾರಿ ನೋಡುತ್ತಿದ್ದೆ ಎಂದರಂತೆ. ಇದನ್ನೆಲ್ಲ ಮೇಷ್ಟ್ರು ನಮ್ಮಪ್ಪನಿಗೆ ಹೇಳುತ್ತಿದ್ದಾಗ ನಾನು ಅಂಗಡಿಯ ಒಳಗೆ ಕೊಬ್ಬರಿ ಚೀಲಗಳ ಸಂದಿಯಲ್ಲಿ ನಿಂತು ಕೇಳಿದೆ. ಮನೆಗೆ ಬಂದು ನೋಟ್ ಬುಕ್ ತೆಗೆದು ಆ ಪುಟ ನೋಡಿದೆ. ನಾಲ್ಕನೆಯ, ಐದನೆಯ ಉತ್ತರಗಳ ಮೇಲೆ ಬೆರಳಿಟ್ಟು ಮತ್ತೆ ಓದಿದೆ.

ಹೇಳಬೇಕೆಂದು ಎಷ್ಟೋ ಸಲ ಮೇಷ್ಟ್ರ ಮುಂದೆ ನಿಂತೆ, ಬೇರೇನೋ ಕೇಳಿ ಬಂದುಬಿಟ್ಟೆ. ಪುಟ ಹರಿದು ಒಲೆಗೆ ಹಾಕಬೇಕೆಂದೂ ಹೊರಟೆ. ಯಾಕೆ ಹಾಕಲಿಲ್ಲ ಗೊತ್ತೇ? ಅದರ ಮೇಲೆ ಹತ್ತಕ್ಕೆ ಹತ್ತು ಇತ್ತು. ಇಷ್ಟು ವರ್ಷಗಳಾದ ಮೇಲೆ ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಪರೀಕ್ಷೆಯಲ್ಲಿ ಯಾವ ತುಂಡು ಬಂತು ಎಂಬುದು ನೆನಪಿಲ್ಲ. ಪಾಸಾದೆ, ಚನ್ನರಾಯಪಟ್ಟಣದಿಂದ ಪಾರಾದೆ. ಫಲಿತಾಂಶ ಬಂದ ದಿನ ಕೊಬ್ಬರಿ ಸಕ್ಕರೆ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರು ಜಗಲಿಯ ಮೇಲಿದ್ದರು. "ಒಳಗೆ ಹೋಗಿ ಅವಳಿಗೂ ಹೇಳಮ್ಮ. ಎದುರಿಗೆ ನಿಂತು, ಮುಖ ಕಾಣೋ ಹಂಗೆ ಹೇಳು" ಎಂದರು. ಹೇಳುವುದೇ ಬೇಕಾಗಲಿಲ್ಲ. ಕೈಯಲ್ಲಿದ್ದ ಪೊಟ್ಟಣ ಕಂಡದ್ದೇ ಪಾರ್ವತಕ್ಕ ನನ್ನ ಕೆನ್ನೆ ಹಿಡಿದು, "ಪಾಸಾದ್ಯೇನೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಆ ದನಿ ಆಗಲೇ ಬದಲಾಗಿತ್ತು. ಎಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಹಾಡು ಗುನುಗುವುದನ್ನು ಅವಳು ತಾನಾಗಿಯೇ ಬಿಟ್ಟಿದ್ದಳು.

ಒಳ್ಳೆಯ ನೋಟ್ ಬುಕ್ಕನ್ನು ಮುಂದಿನ ವರ್ಷದ ಮಕ್ಕಳಿಗೆ ಬಿಟ್ಟುಹೋಗುವುದು ಅಲ್ಲಿಯ ರೂಢಿ. ಮೇಷ್ಟ್ರು ನನ್ನದನ್ನು ಕೇಳಿ ಇಸಿದುಕೊಂಡರು. ಜಗಲಿಯ ಕಂಬಕ್ಕೆ ಒರಗಿ ಪುಟ ತಿರುವತೊಡಗಿದರು. ನಾನು ನಿಂತೇ ಇದ್ದೆ. ಒಂದು ಕಡೆ ಅವರ ಕೈ ನಿಂತಿತು. ಯಾವ ಪುಟ ಎಂದು ನೋಡುವ ಅಗತ್ಯ ನನಗಿರಲಿಲ್ಲ. ಅವರು ಓದಿದರು. ಮೊದಲಿನಿಂದ ಮತ್ತೊಂದು ಸಲ ಓದಿದರು.

"ಪ್ರಶ್ನೆ ಕೊಟ್ಟೋನು ನಾನು" ಎಂದರು ಕೊನೆಗೆ. "ಉತ್ತರ ಬರೆದೋಳು ನೀನು. ಸರಿ ಅಂತ ಗೀಟು ಹಾಕಿದೋನೂ ನಾನೇ. ಇದನ್ನ ಓದಿದ್ದು ಯಾರಮ್ಮ ಹಂಗಾದ್ರೆ?"

ನನಗೆ ಅಳು ಒತ್ತರಿಸಿ ಬಂತು. "ಸಾ, ಅಕ್ಕ ನನಗೆ ಮೊದಲೇ ಹೇಳಿದ್ರು ಸಾ. ಕಿವೀಲಿ ಜೀರುಂಡೆ ಕೂಗ್ದಂಗಾಯ್ತದೆ ಅಂತ. ನಿಮಗೆ ಹೇಳಬೇಡ ಅಂದಿದ್ರು."

"ಯಾವಾಗ?"

"ಅದೇ ವಾರ ಸಾ."

ಬೈಯುತ್ತಾರೆ ಎಂದುಕೊಂಡೆ. ಒಂದೇಟು ಹೊಡೆದಿದ್ದರೂ ನನಗೆ ಹಗುರವಾಗುತ್ತಿತ್ತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಕೂತರು, ಅಷ್ಟೇ. ಅಷ್ಟರಲ್ಲಿ ಪಾರ್ವತಕ್ಕ ಕಾಫಿ ಹಿಡಿದು ಹೊರಗೆ ಬಂದಳು. ನಮ್ಮಿಬ್ಬರ ನಡುವೆ ಬಿಚ್ಚಿದ್ದ ನೋಟ್ ಬುಕ್ ಕಂಡು ಅವಳ ಮುಖ ಅರಳಿತು.

"ಪಾಠವಾ? ಓದೇ ಗೌರಿ, ನಾ ಉತ್ರ ಏಳ್ತೀನಿ. ಬಾಯಿ ನೋಡ್ಕಂಡೇ ಏಳ್ತೀನಿ, ನೋಡ್ತಿರು" ಎಂದು ಲೋಟಗಳನ್ನು ಕೆಳಗಿಟ್ಟು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

ನಾನು ಮೇಷ್ಟ್ರ ಮುಖ ನೋಡಿದೆ. "ಓದು" ಎಂದರು, ಬೀದಿಯ ಕಡೆ ನೋಡುತ್ತಾ.

ಓದಿದೆ. ಆ ಪುಟವನ್ನೇ ಓದಿದೆ. ಬೇರೆ ಪುಟ ತಿರುವಬಹುದಿತ್ತು, ಅದೂ ಹೊಳೆಯಲಿಲ್ಲ. ಒಂದೊಂದು ಪದಕ್ಕೂ ತುಟಿ ಅಗಲಿಸಿ ನಿಧಾನವಾಗಿ ಓದಿದೆ. ಪಾರ್ವತಕ್ಕ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ನನ್ನ ತುಟಿಯನ್ನೇ ನೋಡುತ್ತಿದ್ದಳು. ನಡುನಡುವೆ ತಾನೂ ತುಟಿ ಆಡಿಸಿ ನೋಡಿದಳು. ನಾಲ್ಕನೆಯ ಪ್ರಶ್ನೆಗೆ ಬಂದು ನಿಲ್ಲಿಸಿದೆ. ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಸೋತವರ ಹಾಗೆ ನಕ್ಕು ತಲೆ ಅಲ್ಲಾಡಿಸಿದಳು.

"ಊಹೂಂ, ಇದು ನಾ ಕೇಳಿದ್ದಲ್ಲ ಕಣೆ. ನಾ ಕೇಳಿದ್ರೆ ನೆಪ್ಪಿರ್ತಿತ್ತು. ಇದ್ಯಾವುದೋ ಒಸ ಪಾಠ. ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ. ಮೇಷ್ಟ್ರೂ ಅವಳ ಕಡೆ ತಿರುಗಿ, ಹೌದೆಂದು ತಲೆಯಾಡಿಸಿದರು.